ಟಗರಿನ ತಾಯಿ

ಒಂದು ಟಗರಿನ ತಾಯಿ ಯಾವುದೆಂದು ಅಕ್ಕ ಕೇಳಿದಾಗ ನಾನು ನಿಜ ಹೇಳಲಿಲ್ಲ. ಆಮೇಲೆ ಹತ್ತು ವರ್ಷವೂ ಹೇಳಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ದಂಡೋತಿಯ ನಮ್ಮ ಕುರಿಗಳನ್ನು ನೋಡಿಕೊಂಡವಳು ಅಕ್ಕ. ಕುರಿಗಳಿಗೆ ಬಿಡುವ ಬೀಜದ ಟಗರು ಆರಿಸಲು ಅವಳನ್ನು ಚಿತ್ತಾಪುರದಿಂದಲೂ ಕರೆಯಲು ಬರುತ್ತಿದ್ದರು. ಮಠದ ಸ್ವಾಮಿಗಳ ಮಾತಿಗೆ ಜನ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು. ಅಕ್ಕನ ಮಾತನ್ನು ಪಾಲಿಸುತ್ತಿದ್ದರು. ಅವಳು ಟಗರಿನ ಬೆನ್ನು ಒತ್ತಿ, ಉಣ್ಣೆ ಬಿಡಿಸಿ ನೋಡಿ, ಕೊನೆಗೆ ಅದರ ತಾಯಿಯನ್ನು ತೋರಿಸಲು ಹೇಳುತ್ತಿದ್ದಳು. ಕೊಬ್ಬನ್ನು ಯಾರಾದರೂ ತಿನ್ನಿಸಿ ಬರಿಸಬಹುದು, ಎಲುಬು ಮತ್ತು ಉಣ್ಣೆ ಹುಟ್ಟಿನಿಂದಲೇ ಬರಬೇಕು ಎನ್ನುತ್ತಿದ್ದಳು.

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವನು. ಸಂಜೆ ಯಾವ ಮರಿಯನ್ನು ಯಾವ ತಾಯಿಯ ಕೆಳಗೆ ಬಿಡಬೇಕೆಂಬ ಒಂದೇ ವಿದ್ಯೆಯಲ್ಲಿ ಪಾಸಾಗಿದ್ದೆ. ಆ ವರ್ಷ ಒಂದು ಬಡಕಲು ಕುರಿಯ ಗಂಡುಮರಿ ನನ್ನ ಬೆನ್ನು ಹತ್ತಿತು. ಎಮ್ಮೆಗೆಂದು ಇಟ್ಟ ಶೇಂಗಾ ಹಿಂಡಿಯನ್ನು ಕದ್ದು ಅದಕ್ಕೆ ತಿನ್ನಿಸಿದೆ. ಎಮ್ಮೆ ಸೊರಗಿತು, ಮರಿ ಪಟೇಲನಂತೆ ಹೊಟ್ಟೆ ಬಿಟ್ಟುಕೊಂಡು ಓಡಾಡತೊಡಗಿತು.

ಟಗರು ಆರಿಸುವ ದಿನ ಅಕ್ಕ ಅದರ ಮುಂದೆ ಕೂತಳು. ಅವಳು ಬೇಡವೆಂದರೆ ಅದು ಶಹಾಬಾದಿನ ಕಸಾಯಿಯ ಪಾಲು.

“ಇದರವ್ವ ಯಾವ್ದಲೇ?”

ಬಡಕಲು ಕುರಿ ಮೂಲೆಯಿಂದ ನನ್ನನ್ನೇ ನೋಡುತ್ತಿತ್ತು. ನಾನು ಮಹಾರಾಣಿಯಂಥ ಕರಿ ಕುರಿಯೊಂದನ್ನು ತೋರಿಸಿದೆ.

“ಖರೆ?”

“ನಿನ್ನಾಣಿ.”

ಸುಳ್ಳು ಆಣೆಗೆ ಅಕ್ಕ ಸಾಯಲಿಲ್ಲ. ದೇವರಿಗೆ ಬೇರೆ ಕೆಲಸವಿತ್ತು.

ಆಣೆ ನಂಬಿ ಅವಳು ಅದನ್ನೇ ಬೀಜಕ್ಕೆ ಆರಿಸಿದಳು. ಮುಂದಿನ ವರ್ಷ ನಮ್ಮಲ್ಲೂ ನೆರೆಯವರಲ್ಲೂ ಅದರ ಮರಿಗಳು ಹುಟ್ಟಿದವು. ಕಡ್ಡಿಯಂಥ ಕಾಲು, ಉಣ್ಣೆಯ ಜಾಗದಲ್ಲಿ ಮುದುಕನ ಎದೆಗೂದಲು. ಕಂಬಳಿ ನೇಯುವವನು ಅದನ್ನು ಬೆರಳಲ್ಲಿ ಹಿಡಿದು ನಕ್ಕ. ನಾನು ತಿನ್ನಿಸಿದ ಹಿಂಡಿ ಟಗರಿನ ಹೊಟ್ಟೆಯಲ್ಲೇ ಉಳಿದಿತ್ತು. ಮರಿಗಳಿಗೆ ಇಳಿದದ್ದು ಬಡಕಲು ಅಜ್ಜಿಯ ಎಲುಬು. ಅಕ್ಕನ ಕಣ್ಣು ಮಂಜಾಯಿತೆಂದು ಊರು ಆಡಿಕೊಂಡಿತು. ಕರೆಯಲು ಯಾರೂ ಬರದಾದರು. ಅದಕ್ಕಿಂತ ಕೆಟ್ಟದ್ದೆಂದರೆ, ಅಕ್ಕನೂ ಅದನ್ನು ನಂಬಿದಳು. ನಾನು ಅವಳು ಮಾಡಿದ ರೊಟ್ಟಿ ತಿನ್ನುತ್ತಲೇ ಇದ್ದೆ.

ಹತ್ತು ವರ್ಷದ ಮೇಲೆ ಸೇಡಂ ಕಡೆಯ ಮುದುಕನೊಬ್ಬ, ಹಳೆಯ ಹೆಸರು ಕೇಳಿ, ಟಗರು ಹಿಡಿದುಕೊಂಡು ಬಂದ. ಅಕ್ಕ ಎದ್ದು ಕೂಡ ನೋಡಲಿಲ್ಲ.

“ನನ್ನ ಕಣ್ಣ ಸರಿ ಇಲ್ರಿ ಯಪ್ಪಾ, ಬ್ಯಾರೆಯವ್ರಿಗಿ ತೋರಿಸ್ರಿ.”

ಮುದುಕ ಹಗ್ಗ ಎಳೆದು ತಿರುಗಿದ. ಅವನನ್ನು ನಿಲ್ಲಿಸಿ, ಅವನ ಎದುರಿಗೇ ಹೇಳಿದೆ:

“ಅಕ್ಕಾ, ನಿನ್ನ ಕಣ್ಣ ಸರೀನೇ ಅದ. ಹತ್ತ ವರ್ಷದ ಹಿಂದಿನ ಆ ಟಗರಿನ ಅವ್ವ ಬಡಕಲ ಕುರಿ ಇತ್ತು. ಎಮ್ಮಿ ಹಿಂಡಿ ಕದ್ದು ತಿನಿಸಿದಾಂವ ನಾನೇ, ನಿನ್ನ ಮ್ಯಾಲ ಸುಳ್ಳ ಆಣಿ ಇಟ್ಟಾಂವನೂ ನಾನೇ. ತಪ್ಪಾಗ್ಯಾದ, ಕ್ಷಮಾ ಮಾಡು.”