ನಮ್ಮನೆಯವರ ವೆಬ್‌ಸೈಟೂ ಶಿವಯೋಗಿಯ ಕೌಂಟರೂ

ನಮ್ಮನೆಯವರು ಶಿವಯೋಗಿಯನ್ನು ಕಂಡು ಹೊಟ್ಟೆಕಿಚ್ಚು ಪಟ್ಟರು. ನಾನು ಅವರ ಆ ಹೊಟ್ಟೆಕಿಚ್ಚನ್ನೇ ಕಂಡು ಹೊಟ್ಟೆಕಿಚ್ಚು ಪಟ್ಟೆ. ಕೇಳಿದವರು ನಗುತ್ತಾರೆ, ನಗಲಿ. ಕಟ್ಟಿಕೊಂಡ ಗಂಡ ನನ್ನ ಕಡೆ ತಿರುಗಿಯೂ ನೋಡದೆ ಭದ್ರಾವತಿಯ ಒಬ್ಬ ಬಟ್ಟೆ ಅಂಗಡಿಯವರ ಮೇಲೇ ಕಣ್ಣಿಟ್ಟು ಕೂತರೆ ಯಾವ ಹೆಂಡತಿಗೆ ಉರಿಯುವುದಿಲ್ಲ ಹೇಳಿ.

ನಮ್ಮನೆಯವರ ಹೆಸರು ಉಮಾಮಹೇಶ್ವರ. ನವುಲೆಯ ಕೃಷಿ ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಸಿಟ್ಟು ಕಡಿಮೆ, ಮಾತು ಇನ್ನೂ ಕಡಿಮೆ. ಸಾರಿಗೆ ಉಪ್ಪು ಬೀಳದಿದ್ದರೂ ಹೇಳದೆ ಉಂಡು ಏಳುವ ಮನುಷ್ಯ. ಮಗಳು ಮೇಧಾ ಪಿಯುಸಿಯಲ್ಲಿದ್ದಾಗ ಅವಳ ಓದಿಗೆಂದು ಹೊಸಮನೆ ಬಡಾವಣೆಯ ನಮ್ಮ ಬಾಡಿಗೆ ಮನೆಗೆ ಕಂಪ್ಯೂಟರ್ ಬಂತು. ಅವಳು ಇಂಜಿನಿಯರಿಂಗ್ ಓದಲು ದಾವಣಗೆರೆಯ ಹಾಸ್ಟೆಲ್ ಸೇರಿದಳು, ಕಂಪ್ಯೂಟರ್ ಇವರ ಪಾಲಿಗೆ ಉಳಿಯಿತು. ಒಂದು ಪುಸ್ತಕ ತಂದು, ತಾವೇ ಕಲಿತು, ಎರಡು ಸಾವಿರದ ಮೂರರಲ್ಲಿ ಸ್ವಂತದ್ದೊಂದು ವೆಬ್‌ಸೈಟ್ ಮಾಡಿಕೊಂಡರು. ಪುಕ್ಕಟೆ ಜಾಗ ಕೊಡುವ ಯಾವುದೋ ಕಂಪನಿಯದಂತೆ. ವಾರಕ್ಕೊಂದು ಸಂಸ್ಕೃತ ಸುಭಾಷಿತ, ಕೆಳಗೆ ಕನ್ನಡದಲ್ಲಿ ಅರ್ಥ, ಸುತ್ತ ಮಿನುಗುವ ಹೂವಿನ ಅಂಚು. ಮೇಲುಗಡೆ ಒಂದು ಸೂಚನೆ: ಅಕ್ಷರ ಕಾಣಬೇಕಾದರೆ ಮೊದಲು ಈ ಫಾಂಟ್ ಇಳಿಸಿಕೊಳ್ಳಿ. ಇಳಿಸಿಕೊಳ್ಳದವರಿಗೆ ಸುಭಾಷಿತದ ಬದಲು ಏನೇನೋ ಗೀಟುಗಳು ಕಾಣುತ್ತಿದ್ದವು. ಆದರೂ ನೆಂಟರ ಮದುವೆಯಲ್ಲಿ ಯಾರಾದರೂ "ಇವ್ರೇ ವೆಬ್‌ಸೈಟ್ ಉಮಾಮಹೇಶ್ವರ" ಎಂದರೆ ಸಾಕು, ಮುಖ ಇಷ್ಟಗಲ ಆಗುತ್ತಿತ್ತು. ಆಗ ನನಗೂ ಹೆಮ್ಮೆಯೇ.

ಶಿವಯೋಗಿ ಇವರ ಹೈಸ್ಕೂಲು ಗೆಳೆಯರು. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಅಪ್ಪನ ಕಾಲದ ಬಟ್ಟೆ ಅಂಗಡಿ. ಚಿಕ್ಕಂದಿನಿಂದ ಬೆಂಕಿಪೊಟ್ಟಣದ ಚಿತ್ರ ಕೂಡಿಡುವ ಹುಚ್ಚು. ಒಂದು ದಿನ ನಮ್ಮ ಮನೆಗೆ ಬಂದವರು ಸುಭಾಷಿತದ ಪುಟ ನೋಡಿ, "ನಂಗೂ ಇಂಥದ್ದೊಂದು ಮಾಡ್ಕೊಡೋ ಮಾರಾಯ" ಎಂದರು. ಇವರು ಭಾನುವಾರ ಭಾನುವಾರ ಭದ್ರಾವತಿಗೆ ಹೋಗಿ ಕಲಿಸಿ ಬಂದರು. ಹುಲಿ, ರೈಲು, ತಾವರೆ, ಬೀಗದಕೈ, ಎಲ್ಲ ಬಣ್ಣಬಣ್ಣವಾಗಿ ಪರದೆಗೆ ಬಂದವು. ಸರಿಯಾಗಿ ಬಂದಿದೆಯೇ ಎಂದು ಇವರು ಮನೆಯಿಂದಲೂ ದಿನಾ ತೆರೆದು ನೋಡುತ್ತಿದ್ದರು. ನೋಡಲು ಫಾಂಟೂ ಬೇಡ, ಭಾಷೆಯೂ ಬೇಡ. ತಮ್ಮದರಲ್ಲಿದ್ದ ಹಾಗೇ, ಪುಟವನ್ನು ಎಷ್ಟು ಸಲ ನೋಡಿದ್ದಾರೆಂದು ತೋರಿಸುವ ಕೌಂಟರನ್ನು ಅಡಿಯಲ್ಲಿ ಹಾಕಿಕೊಟ್ಟವರೂ ಇವರೇ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದಂತಾಯಿತು.

ಆರು ತಿಂಗಳಲ್ಲಿ ಶಿವಯೋಗಿಯ ಕೌಂಟರ್ ಇವರದನ್ನು ದಾಟಿಬಿಟ್ಟಿತು. "ಬೆಂಕಿಪೊಟ್ಟಣ ಕಣೇ ಸೀತಾ! ಬೀಡಿ ಸೇದೋರು ಬಿಸಾಕಿದ್ದು! ಅದನ್ನ ನೋಡೋಕೆ ಜನ ಬರ್ತಾರೆ, ಸುಭಾಷಿತ ಯಾರಿಗೂ ಬೇಡ" ಎಂದು ಕೂಗಾಡಿದರು. ಇವರ ಗಂಟಲಿನಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಅವತ್ತೇ ಗೊತ್ತಾದದ್ದು.

ಅಲ್ಲಿಂದ ಶುರುವಾಯಿತು. ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಏಳುವುದೇ ತಡ, ಕಂಪ್ಯೂಟರ್. ಸಂಜೆ ಆಫೀಸಿನಿಂದ ಬಂದು ಅಂಗಿ ಬಿಚ್ಚುವ ಮೊದಲೇ ಕಂಪ್ಯೂಟರ್. ತಮ್ಮ ಸುಭಾಷಿತಗಳು ಬಾಯಿಪಾಠವಾದ್ದರಿಂದ ಅತ್ತ ಹೋಗುತ್ತಲೇ ಇರಲಿಲ್ಲ. ನೋಡುವುದೆಲ್ಲ ಶಿವಯೋಗಿಯ ಪುಟ. ಹುಲಿ ತೆರೆದು ಬೈಯುವುದು, ಹಿಂದಕ್ಕೆ ಬಂದು ರೈಲು ತೆರೆದು ಬೈಯುವುದು, ಕೊನೆಗೆ ಕೌಂಟರ್ ನೋಡಿ "ಮತ್ತೆ ಏರಿದೆ" ಎಂದು ಹಣೆ ಚಚ್ಚಿಕೊಳ್ಳುವುದು. ಆಗ ಇಂಟರ್ನೆಟ್ ಬರುತ್ತಿದ್ದದ್ದು ಫೋನ್ ಲೈನಿನಲ್ಲೇ, ಅಷ್ಟು ಹೊತ್ತೂ ಅದಕ್ಕೆ ಬಿಡುವಿಲ್ಲ, ನನ್ನ ಅಕ್ಕ ಎಷ್ಟು ಸಲ ಫೋನ್ ಮಾಡಿ ಸೋತಳೋ. ಶಿವಯೋಗಿಯ ಫೋನ್ ಬಂದರೆ ಮಾತ್ರ "ಇಲ್ಲ ಅನ್ನು" ಎಂದು ಕೈಸನ್ನೆ.

ಯುಗಾದಿಗೆ ಹೊಸ ಸೀರೆ ಉಟ್ಟು ಎದುರಿಗೆ ಹೋಗಿ ನಿಂತೆ. "ಸ್ವಲ್ಪ ಸರ್ಕೋ, ಬೆಳಕಿಗೆ ಅಡ್ಡ" ಎಂದರು. ಒಳಗೆ ಹೋಗಿ ಅತ್ತೆ. ಸವತಿಯಾದರೂ ಇದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು, ಇಲ್ಲಿ ಯಾರ ಜುಟ್ಟು ಹಿಡಿಯಲಿ? ನನ್ನ ಮೇಲೆ ಸಿಟ್ಟಾಗಿಯಾದರೂ ಒಂದು ಸಲ ಹಾಗೆ ಕೂಗಾಡಬಾರದೇ ಅನ್ನಿಸಿತ್ತು.

ಎರಡು ಸಾವಿರದ ಆರರಲ್ಲಿ ಊರಿಗೆಲ್ಲ ಚಿಕುನ್‌ಗುನ್ಯಾ ಹಬ್ಬಿತು. ನಮ್ಮ ಮನೆಯಲ್ಲಿ ಮೊದಲು ಬಂದದ್ದು ನನಗೆ. ಗೋಡೆ ಹಿಡಿದುಕೊಂಡು ಅಡುಗೆ ಮಾಡಿದೆ, ಕುಂಟುತ್ತಾ ಬಂದು ಕೀಬೋರ್ಡಿನ ಪಕ್ಕ ಕಾಫಿ ಇಟ್ಟೆ. ಇವರು ಪರದೆಯಿಂದ ಕಣ್ಣು ಕೀಳದೆ ಕುಡಿದರು. ನಾನು ಸುಧಾರಿಸಿಕೊಳ್ಳುವಷ್ಟರಲ್ಲಿ ಇವರು ಮಲಗಿದರು. ಬೆರಳುಗಳೆಲ್ಲ ಊದಿ, ಮೌಸ್ ಹಿಡಿಯುವುದಿರಲಿ, ತುತ್ತು ಎತ್ತಲೂ ಆಗುತ್ತಿರಲಿಲ್ಲ. ನಾನೇ ಕಲಸಿ ತಿನ್ನಿಸಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದೆ. ನಿಜ ಹೇಳುತ್ತೇನೆ, ಒಳಗೊಳಗೇ ಖುಷಿಯಾಗಿತ್ತು.

ಒಂದು ಬೆಳಿಗ್ಗೆ ಶಿವಯೋಗಿ ಎಳನೀರು ಹಿಡಿದುಕೊಂಡು ಬಾಗಿಲಿಗೆ ಬಂದರು. ಇವರು ಗೋಡೆ ಕಡೆ ಮುಖ ತಿರುಗಿಸಿದರು.

"ನಂಗೆ ಜ್ವರ ಅಂತ ಯಾರು ಹೇಳಿದ್ರು?"

"ನನ್ನ ಕೌಂಟರ್ ಹೇಳ್ತು. ಎರಡು ವಾರದಿಂದ ನಿಂತಲ್ಲೇ ನಿಂತಿದೆ."

ಇವರು ನಿಧಾನವಾಗಿ ಈ ಕಡೆ ತಿರುಗಿದರು. "ಅಂದ್ರೆ... ಅಷ್ಟೂ ನಾನೇನಾ?"

"ಮತ್ಯಾರು ಮಾರಾಯ? ಬೆಂಕಿಪೊಟ್ಟಣ ನೋಡೋಕೆ ಜನ ಕ್ಯೂ ನಿಂತಿದ್ರಾ? ನೀನು ಫೋನ್ ಎತ್ತಲ್ಲ, ಅಂಗಡಿಗೆ ಬರಲ್ಲ. ದಿನಾ ಅಲ್ಲಾದ್ರೂ ಬಂದು ಹೋಗ್ತೀಯಲ್ಲ, ಸಾಕು ಅನ್ಕೊಂಡಿದ್ದೆ. ಅದೂ ನಿಂತೋಯ್ತು. ಹೆದರಿಕೆ ಆಗಿ ಬಸ್ ಹತ್ತಿದೆ."

ಇವರ ಕಣ್ಣು ತುಂಬಿತು. ಊದಿದ ಕೈಯಲ್ಲೇ ಗೆಳೆಯನ ಕೈ ಹಿಡಿದುಕೊಂಡರು. ವರ್ಷಗಟ್ಟಲೆಯ ಉರಿ ಒಂದು ಗಳಿಗೆಯಲ್ಲಿ ಆರಿಹೋಯಿತು. ನಾನು ಸಂತೋಷ ಪಡಬೇಕಾಗಿತ್ತು, ಪಡಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳಿಗೆ ಹೊಟ್ಟೆಯೊಳಗೆ ಕೆಂಡ ಬಿದ್ದ ಹಾಗಾಯಿತು. ಭದ್ರಾವತಿಯಲ್ಲಿ ಕೂತವರಿಗೆ ಇವರ ಜ್ವರ ಗೊತ್ತಾಗುತ್ತದೆ.

ಕಾಫಿ ತಂದುಕೊಟ್ಟೆ. ಲೋಟ ನನ್ನ ಕೈಯಲ್ಲಿ ಅಲುಗಿ ಸ್ವಲ್ಪ ಚೆಲ್ಲಿತು. ಶಿವಯೋಗಿ ತಲೆ ಎತ್ತಿದರು.

"ಅತ್ತಿಗೆ, ನಿಮಗೂ ಬಂದಿತ್ತಾ?"

"ಏ, ಇವಳಿಗೇನೂ ಬರ್ಲಿಲ್ಲ" ಎಂದರು ಇವರು. "ಗಟ್ಟಿ ಜೀವ."

"ಬಂದಿತ್ತು" ಎಂದೆ. "ಇವ್ರಿಗಿಂತ ಮುಂಚೆ ಬಂದಿತ್ತು. ನಂಗೆ ಕೌಂಟರ್ ಇಲ್ವಲ್ಲ, ಯಾರಿಗೂ ಗೊತ್ತಾಗ್ಲಿಲ್ಲ."

ಶಿವಯೋಗಿ ಕಾಫಿಯ ಕಡೆ ನೋಡಿದರು. ಇವರು ನನ್ನ ಕೈಗಳ ಕಡೆ ನೋಡಿದರು. ಗೆಣ್ಣುಗಳ ಬಾವು ಇನ್ನೂ ಇಳಿದಿರಲಿಲ್ಲ. ತುಂಬಾ ಹೊತ್ತು ನೋಡಿದರು.

"ಯಾವಾಗ ಬಂದಿತ್ತು ಸೀತಾ?" ಎಂದು ಮೆಲ್ಲಗೆ ಕೇಳಿದರು.

ಅವರೇ ನೆನಪು ಮಾಡಿಕೊಳ್ಳಲಿ ಎಂದು ದೋಸೆ ಹಾಕಲು ಒಳಗೆ ಹೋದೆ.