ಮೂರು ಮೂಲಪ್ರತಿಗಳಿಗೆ ಲ್ಯಾಮಿನೇಷನ್

ನಮ್ಮ ಮಾವನವರಿಗೆ ಲ್ಯಾಮಿನೇಷನ್ ಎಂದರೆ ಪ್ರಾಣ. ಬುಕ್ಕಾಂಬುಧಿ ಕೆರೆಯ ಕೆಳಗಿನ ತೋಟದ ಕ್ರಯಪತ್ರವನ್ನು ಒಮ್ಮೆ ಗೆದ್ದಲು ತಿಂದು, ವರ್ಷಗಟ್ಟಲೆ ಕಚೇರಿ ಅಲೆದಿದ್ದರಂತೆ. ಅಂದಿನಿಂದ ಪಹಣಿ, ಅಂಕಪಟ್ಟಿ, ಕೊನೆಗೆ ನಮ್ಮ ಮದುವೆಯ ಲಗ್ನಪತ್ರಿಕೆ ಕೂಡ ಪ್ಲಾಸ್ಟಿಕ್ಕಿನೊಳಗೆ ಸೇರಿತು. ನಾನು ನಗುತ್ತಿದ್ದೆ. ನಗು ನಿಂತದ್ದು ನನ್ನ ಕಾಗದದ ಸರದಿ ಬಂದಾಗ.

ಅಜ್ಜಂಪುರದ ರಸ್ತೆಯಲ್ಲಿ ನನ್ನದೊಂದು ಚಿಕ್ಕ ಘಟಕ. ತೆಂಗಿನ ಸಿಪ್ಪೆಯಿಂದ ನಾರು ತೆಗೆದ ಮೇಲೆ ಉಳಿಯುವ ಪುಡಿಯನ್ನು ತೊಳೆದು, ಒಣಗಿಸಿ, ಇಟ್ಟಿಗೆಯಾಗಿ ಒತ್ತುತ್ತೇವೆ. ಮೊದಲ ಕಂಟೇನರ್ ಮಂಗಳೂರಿನಿಂದ ಇಟಲಿಯ ಒಂದು ನರ್ಸರಿಗೆ ಹೊರಟಿತು. ಹಡಗಿನವರು ಬಿಲ್ ಆಫ್ ಲೇಡಿಂಗಿನ, ಎಂದರೆ ಸರಕು ಹಡಗಿಗೆ ಹತ್ತಿಸಿಕೊಂಡದ್ದಕ್ಕೆ ಕೊಡುವ ಪತ್ರದ, ಮೂರು ಮೂಲಪ್ರತಿ ಕಳಿಸಿದರು. ಅದು ಬರೀ ರಸೀದಿಯಲ್ಲ. ಅದು ಯಾರ ಹೆಸರಿನಲ್ಲಿ, ಯಾರ ಕೈಯಲ್ಲಿದೆಯೋ ಸರಕು ಅವರದು. ಹಿಂಬದಿಗೆ ನಾನು ಸಹಿ, ಮೊಹರು ಹಾಕಿ ನರ್ಸರಿಯವರಿಗೆ ಕಳಿಸಬೇಕು, ಅವರು ಅದನ್ನು ತೋರಿಸಿ ಸರಕು ಬಿಡಿಸಿಕೊಳ್ಳಬೇಕು. ಸಸಿ ಹಾಕುವ ಕಾಲ ಮೀರಿದರೆ ಅವರಿಗೆ ನಮ್ಮ ಪುಡಿಯೇ ಬೇಡ. ಮೊದಲ ಗಿರಾಕಿಯೇ ಕೈತಪ್ಪಿದರೆ ನಾನು ಘಟಕಕ್ಕೆ ಬೀಗ ಹಾಕಿದಂತೆಯೇ.

"ತುಂಬಾ ಮುಖ್ಯವಾದ ಕಾಗದ ಮಾವ, ಜೋಪಾನ" ಎಂದು ಅವರ ಕೈಗೆ ಕೊಟ್ಟವಳು ನಾನೇ.

ಮರುದಿನ ಅವರು ಕಡೂರಿನಿಂದ ಬಂದರು, ಮುಖದ ತುಂಬ ಖುಷಿ. "ಮೂರಕ್ಕೂ ಮಾಡ್ಸಿದೀನಿ ಕಣಮ್ಮ. ಇನ್ನು ನೂರು ವರ್ಷ ಏನೂ ಆಗಲ್ಲ."

ಹಿಂಬದಿಗೆ ತಿರುಗಿಸಿ ಸಹಿ ಹಾಕಲು ನೋಡಿದೆ. ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಜಾರಿತು. ಅಯ್ಯೋ ಶಿವನೇ, ನನಗೆ ಮೈಯೆಲ್ಲ ಉರಿದುಹೋಯಿತು. "ನಿಮ್ಗೆ ಯಾರು ಹೇಳಿದ್ದು? ನನ್ ಕೆಲಸಕ್ಕೆ ಕೈ ಹಾಕ್ಬೇಡಿ ಅಂತ ಎಷ್ಟ್ ಸಲ ಹೇಳ್ಲಿ!" ಎಂದು ಬೀದಿಗೆ ಕೇಳುವಂತೆ ಕೂಗಾಡಿದೆ. ಊಟಕ್ಕೆ ಕರೆಯಲು ಹೋದಾಗ ಅವರು ಜಗಲಿಯಲ್ಲಿ ಕುಳಿತು ಬ್ಲೇಡಿನಿಂದ ಪ್ಲಾಸ್ಟಿಕ್ ಬಿಡಿಸುತ್ತಿದ್ದರು. ಕಾಗದದ ಮೂಲೆಯೂ ಜೊತೆಗೇ ಕಿತ್ತು ಬಂದಿತ್ತು. ನನಗೆ ನಾಚಿಕೆಯಾಯಿತು. "ಬಿಡಿ ಮಾವ, ತಪ್ಪು ನಂದೂ ಇದೆ" ಎಂದು ಬ್ಲೇಡು ತೆಗೆದುಕೊಂಡೆ.

ಮಂಗಳೂರಿನ ಹಡಗಿನ ಏಜೆಂಟರಿಗೆ ಫೋನು ಮಾಡಿದೆ. ಅವರು ಮೊದಲು ಹೊಟ್ಟೆ ಹಿಡಿದು ನಕ್ಕರು. ಆಮೇಲೆ ದಾರಿ ಹೇಳಿದರು. ಸಾಗಣೆಯ ಕರಾರಿನಲ್ಲೇ ಒಂದು ನಿಯಮವಿದೆಯಂತೆ: ಹಡಗಿನವರೂ ಕಾಗದ ಹಿಡಿದವರೂ ಒಪ್ಪಿದರೆ ಕಾಗದದ ಬದಲು ಎಲೆಕ್ಟ್ರಾನಿಕ್ ದಾಖಲೆ ಪಡೆಯಬಹುದು. ಆದರೆ ಮೂರೂ ಮೂಲಪ್ರತಿ ವಾಪಸ್ಸು ಬರಬೇಕು. ಹೊಸದರಲ್ಲಿ ಇದು ಹಳೆಯದರ ಬದಲಿಗೆ ಎಂದು ಬರೆದಿರಬೇಕು. ಅಲ್ಲಿಂದಾಚೆ ಕಾಗದಕ್ಕೆ ಬೆಲೆಯಿಲ್ಲ. ಅಂಥ ದಾಖಲೆಗಳನ್ನು ಕೈಬದಲಾಯಿಸುವ ಆನ್‌ಲೈನ್ ವ್ಯವಸ್ಥೆಗೆ ನರ್ಸರಿಯವರು ಆಗಲೇ ಸೇರಿದ್ದರು. "ಪ್ಲಾಸ್ಟಿಕ್ ಸಮೇತ ಕಳಿಸಿ ಮೇಡಂ, ಪರವಾಗಿಲ್ಲ" ಎಂದರು ಏಜೆಂಟರು.

ಪಕ್ಕದಲ್ಲೇ ನಿಂತಿದ್ದ ಮಾವ ಕೇಳಿದರು: "ಫೋನಲ್ಲಿರೋದನ್ನ ಹತ್ತು ಜನಕ್ಕೆ ಕಳಿಸ್ಬೋದಲ್ಲ? ಆಗ ಮಾಲು ಯಾರ್ದು?"

ಏಜೆಂಟರನ್ನೇ ಕೇಳಿದೆ. ನಕಲು ಎಷ್ಟಾದರೂ ಇರಲಿ, ಹಿಡಿತ ಒಂದು ಹೊತ್ತಿಗೆ ಒಬ್ಬರದೇ. ವರ್ಗಾಯಿಸಿದ ಕ್ಷಣ ನಿಮ್ಮ ಹಕ್ಕು ಮುಗಿಯಿತು, ಅದನ್ನು ಖಾತ್ರಿ ಮಾಡದ ವ್ಯವಸ್ಥೆಯನ್ನು ನಿಯಮ ಒಪ್ಪುವುದೇ ಇಲ್ಲ ಎಂದರು.

"ಹಂಗಾದ್ರೆ ಮನೆ ಬೀಗದ ಕೈ ಕೊಟ್ಟಂಗೆ" ಎಂದರು ಮಾವ. "ಇವನ್ನ ನಾನೇ ಮಂಗ್ಳೂರಿಗೆ ಕೊಟ್ಟು ಬತ್ತೀನಿ. ಬೇಡ ಅನ್ಬೇಡ."

ಬಸ್ಸಿನಲ್ಲಿ ಚೀಲವನ್ನು ಮಡಿಲಿನಿಂದ ಕೆಳಗಿಡದೆ ಹೋಗಿ ಕೊಟ್ಟು ಬಂದರು. ಎರಡು ದಿನಕ್ಕೆ ಹೊಸ ದಾಖಲೆ ನನ್ನ ಫೋನಿನಲ್ಲಿ ಕಾಣಿಸಿತು. ವರ್ಗಾಯಿಸುವ ಗುಂಡಿ ಒತ್ತಲು ಅವರನ್ನೇ ಕರೆದೆ. ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಂಡು ಬಂದು ಒತ್ತಿದರು. ನನ್ನ ಹೆಸರು ಹೋಗಿ ನರ್ಸರಿಯ ಹೆಸರು ಬಂತು.

"ಹೋಯ್ತಾ?"

"ಹೋಯ್ತು ಮಾವ."

"ನಮ್ಮತ್ರ ಇನ್ನೇನೂ ಇಲ್ವಾ?"

"ಏನೂ ಇಲ್ಲ."

ಅವರು ಫೋನನ್ನು ಟವೆಲಿನಿಂದ ಒರೆಸಿ ನನ್ನ ಕೈಗಿಟ್ಟರು. ಗೆದ್ದಲಿಗೆ ಹೆದರಿ ಒಂದು ಚೀಟಿಯನ್ನೂ ಬಿಟ್ಟುಕೊಡದ ಮನುಷ್ಯ.

ಕೆಲವು ವಾರಗಳಾದ ಮೇಲೆ ನರ್ಸರಿಯಿಂದ ಒಂದು ಫೋಟೋ ಬಂತು. ನಮ್ಮ ಪುಡಿ ತುಂಬಿದ ಸಾಲು ಸಾಲು ತಟ್ಟೆಗಳಲ್ಲಿ ಎರಡೆಲೆಯ ಟೊಮ್ಯಾಟೊ ಸಸಿಗಳು. ಕೆಳಗೆ, ಇನ್ನೊಂದು ಕಂಟೇನರ್ ಯಾವಾಗ ಕಳಿಸುತ್ತೀರಿ ಎಂಬ ಪ್ರಶ್ನೆ. ಮಾವ ಕನ್ನಡಕ ಏರಿಸಿ ನೋಡಿದರು, ಮತ್ತೆ ನೋಡಿದರು. "ಇದನ್ನ..." ಎಂದು ಶುರುಮಾಡಿ, ನನ್ನ ಮುಖ ನೋಡಿ ಕನ್ನಡಕ ಒರೆಸತೊಡಗಿದರು.

ಮಾರನೇ ದಿನ ನಾನೇ ಕಡೂರಿಗೆ ಹೋಗಿ, ಆ ಫೋಟೋ ಪ್ರಿಂಟು ಹಾಕಿಸಿ, ಲ್ಯಾಮಿನೇಷನ್ ಮಾಡಿಸಿಕೊಂಡು ಬಂದು ಅವರ ಕೈಗೆ ಕೊಟ್ಟೆ.