ಹಿಂದಿನ ಸೀಟಿನಲ್ಲಿ ಅಪ್ಪ

ಬೆಳಿಗ್ಗೆಯಿಂದ ಅಪ್ಪನಿಗೆ ಉಸಿರು ಕಟ್ಟುತ್ತಿತ್ತು. ಅಮರಾಪುರದ ನಮ್ಮ ಮನೆಯಿಂದ ಮಡಕಶಿರದ ಆಸ್ಪತ್ರೆಗೆ ಹೊರಡಲೆಂದು ಅವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ ಕೀ ತಿರುಗಿಸಿದರೆ, ಕಾರು ಟಕ್ ಟಕ್ ಎಂದು ಸುಮ್ಮನಾಯಿತು. ಹತ್ತು ಸಲ ತಿರುಗಿಸಿದೆ. ಸ್ಟೀರಿಂಗಿಗೆ ಗುದ್ದಿದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಅದು ಅಪ್ಪನ ಮೇಲೆ ತಿರುಗಿತು.

"ದಿನಾ ಕಾರಲ್ಲಿ ಕೂತ್ಕಂಡು ರೇಡಿಯೋ ಕೇಳಿ ಬ್ಯಾಟ್ರಿ ಇಳಿಸಿಬಿಟ್ಟೆ. ಈಗ ಅನುಭವಿಸು!"

ಅಪ್ಪ ಕಿಟಕಿಯತ್ತ ಮುಖ ಮಾಡಿ ಉಸಿರೆಳೆದುಕೊಳ್ಳುತ್ತಿದ್ದ.

ನನ್ನ ಕೂಗಾಟ ಕೇಳಿ ಎದುರುಮನೆಯ ಟ್ರ್ಯಾಕ್ಟರ್ ಡ್ರೈವರ್ ಬಂದು ಬಾನೆಟ್ ಎತ್ತಿದ. ಬ್ಯಾಟರಿಯ ಎರಡೂ ಟರ್ಮಿನಲ್‌ಗಳ ಮೇಲೆ ಅರಿಶಿನ ಕುಂಕುಮ ಗಟ್ಟಿಯಾಗಿ ಮೆತ್ತಿಕೊಂಡು, ಸುತ್ತ ಹಸಿರು ಪುಡಿ ಕಟ್ಟಿತ್ತು.

"ಕಾಯಿನೀರು ಬಿದ್ದೈತಣ್ಣ. ಕರೆಂಟು ಹೆಂಗೆ ಹೋಗ್ತೈತೆ? ಈ ಸಲ ಆಯುಧ ಪೂಜೆ ಯಾರು ಮಾಡಿದ್ದು?"

ಪ್ರತಿ ವರ್ಷ ಅಪ್ಪನೇ ಮಾಡುತ್ತಿದ್ದ. ಈ ಸಲ ಅವನ ಕೈಲಾಗದೆಂದು ನಾನು ಮಾಡಿದ್ದೆ. ಬ್ಯಾಟರಿಗೇ ಬೊಟ್ಟಿಟ್ಟು, ಅದರ ಪಕ್ಕದಲ್ಲೇ ಕಾಯಿ ಒಡೆದಿದ್ದೆ.

ಡ್ರೈವರ್ ಬಿಸಿನೀರು ಹಾಕಿ, ಚಾಕುವಿನಿಂದ ಕೆರೆದು, ವೈರುಗಳನ್ನು ಬಿಗಿಮಾಡಿದ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಕನ್ನಡಿಯಲ್ಲಿ ಅಪ್ಪನ ಮುಖ ನೋಡುವ ಧೈರ್ಯವಾಗಲಿಲ್ಲ. ಊರು ದಾಟಿದ ಮೇಲೆ ಹಿಂದಿನಿಂದ ಅವನೇ ಮೆಲ್ಲಗೆ ಹೇಳಿದ:

"ಪೂಜೆಗೆ ಮುಂಚೆ ನಾನು ಬ್ಯಾಟ್ರಿ ಮ್ಯಾಲೆ ಟವಲ್ ಹೊದಿಸ್ತಿದ್ದೆ ಕಣಪ್ಪ. ನಿಂಗೆ ಹೇಳೋದು ಮರ್ತುಬಿಟ್ಟೆ."